ಸಬ್‌ವೂಫರ್ ಸದ್ದು ಕುಗ್ಗಿದೆಯೇ? ಪೆಟ್ಟಿಗೆ ಬಿಚ್ಚುವ ಮುನ್ನ ಇಷ್ಟು ನೋಡಿ

ಬಂಡ್ರಿ: ಮನೆಗೆ ಹೋಂ ಥಿಯೇಟರ್ ಬಂದಿದೆ. ಐದು ಚಿಕ್ಕ ಸ್ಪೀಕರ್‌ಗಳು ಗೋಡೆಯೇರಿವೆ, ಟಿ.ವಿ.ಯ ಕೆಳಗೆ ರಿಸೀವರ್ ಕುಳಿತಿದೆ, ಮೂಲೆಯಲ್ಲಿ ಸಬ್‌ವೂಫರ್ ಎಂಬ ಕಪ್ಪು ಪೆಟ್ಟಿಗೆ. ಅಂಗಡಿಯಲ್ಲಿ ಎದೆಗೆ ಗುದ್ದಿದಂತೆ ಕೇಳಿಸಿದ ಅದೇ ಪೆಟ್ಟಿಗೆ ಮನೆಯಲ್ಲಿ ಮಾತ್ರ ಮೌನವ್ರತ ಹಿಡಿದಂತಿದೆ. ಧ್ವನಿ ಏರಿಸಿದರೆ ಸಂಭಾಷಣೆ ಕಿವಿಗೆ ಕರ್ಕಶವಾಗುತ್ತದೆಯೇ ಹೊರತು ಗುಡುಗು ಗುಡುಗಾಗುವುದಿಲ್ಲ. ಇಂಥ ಸಂದರ್ಭದಲ್ಲಿ ಸಂಡೂರು ತಾಲ್ಲೂಕಿನ ಬಂಡ್ರಿಯಂತಹ ಊರುಗಳಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿ ಸಂಡೂರಿಗೋ ಹೊಸಪೇಟೆಗೋ ಒಯ್ಯುವುದು. ಅಲ್ಲಿ ಮೇಜಿನ ಮೇಲೆ ಇಟ್ಟು ಹಾಡು ಹಾಕಿದರೆ ಅದು ಚೆನ್ನಾಗಿಯೇ ಗುಡುಗುತ್ತದೆ. ಮನೆಗೆ ತಂದರೆ ಮತ್ತೆ ಮೌನ. ಕೊನೆಗೆ ಇನ್ನೂ ದೊಡ್ಡದೊಂದನ್ನು ಕೊಳ್ಳುವ ಮಾತು ಬರುತ್ತದೆ.

ಆ ಖರ್ಚಿಗೆ ಮುನ್ನ ಒಂದು ಸಂಗತಿಯನ್ನು ತಿಳಿದುಕೊಳ್ಳುವುದು ಒಳಿತು. ಮಂದ್ರಧ್ವನಿ ಕುಗ್ಗಿದೆ ಎಂಬ ದೂರಿನಲ್ಲಿ ಅನೇಕ ವೇಳೆ ಸಬ್‌ವೂಫರ್ ನಿರ್ದೋಷಿಯಾಗಿರುತ್ತದೆ. ದೋಷವಿರುವುದು ರಿಸೀವರಿನ ಆಯ್ಕೆಪಟ್ಟಿಯ ಯಾವುದೋ ಒಂದು ಸಾಲಿನಲ್ಲಿ, ಅಥವಾ ಕೋಣೆಯಲ್ಲಿ ನಾವು ಕುರ್ಚಿ ಹಾಕಿಕೊಂಡ ಜಾಗದಲ್ಲಿ. ಈ ಎರಡನ್ನೂ ಸರಿಪಡಿಸಲು ಒಂದು ರೂಪಾಯಿಯೂ ಬೇಕಾಗುವುದಿಲ್ಲ.

ಮೊದಲು ಈ ಪೆಟ್ಟಿಗೆಯ ಕೆಲಸವೇನೆಂದು ನೋಡೋಣ. ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಕಂಪನಗಳು ಕೇಳಿಸುತ್ತವೆ. ಅಂಗೈಯಗಲದ ಸ್ಪೀಕರ್‌ಗಳು 100 ಹರ್ಟ್ಜ್‌ನಿಂದ ಕೆಳಗೆ ಇಳಿಯಲಾರದೆ ಸೋಲುತ್ತವೆ. ಧ್ವನಿಯ ಆವೃತ್ತಿ ಅರ್ಧಕ್ಕಿಳಿದರೆ, ಅಷ್ಟೇ ಸದ್ದು ಹೊರಡಿಸಲು ಸ್ಪೀಕರಿನ ಕಾಗದದ ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಚಲಿಸಬೇಕಾಗುತ್ತದೆ. ಡೊಳ್ಳು ದೊಡ್ಡದಾಗಿಯೇ ಇರಬೇಕು, ತಾಳಕ್ಕೆ ಅಂಗೈಯಗಲ ಸಾಕು ಎಂಬುದು ನಮ್ಮ ಜಾತ್ರೆಗಳಲ್ಲಿ ನುಡಿಸುವವರಿಗೆಲ್ಲ ಗೊತ್ತಿರುವ ವಿಷಯ. ಹೀಗಾಗಿ ತೀರ ಕೆಳಗಿನ ಧ್ವನಿಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ದೊಡ್ಡ ಪೆಟ್ಟಿಗೆಗೆ ಕಳುಹಿಸುವ ಏರ್ಪಾಡು ಬಂದಿತು. ಕಳುಹಿಸುವ ಹೊಣೆ ರಿಸೀವರಿನದು. ಅದು ಕಳುಹಿಸದಿದ್ದರೆ ಪೆಟ್ಟಿಗೆ ತಾನಾಗಿ ಏನನ್ನೂ ಮಾಡಲಾರದು.

ಮೊದಲ ಪರೀಕ್ಷೆ ಮೊಬೈಲಿನದು

ಆದ್ದರಿಂದ ಆರಂಭದಲ್ಲಿಯೇ ಕೇಳಿಕೊಳ್ಳಬೇಕಾದ ಪ್ರಶ್ನೆ: ತಪ್ಪು ಪೆಟ್ಟಿಗೆಯದೋ, ಕಳುಹಿಸುವವನದೋ? ಇದಕ್ಕೆ ಸುಲಭದ ಉಪಾಯವಿದೆ. ಒಂದು ತುದಿಯಲ್ಲಿ ಹೆಡ್‌ಫೋನ್ ಪಿನ್, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಪಿನ್‌ಗಳಿರುವ ವೈರು ಯಾವ ಮೊಬೈಲ್ ಅಂಗಡಿಯಲ್ಲಾದರೂ ದೊರೆಯುತ್ತದೆ. ರಿಸೀವರಿನಿಂದ ಬರುವ ವೈರನ್ನು ಸಬ್‌ವೂಫರಿನಿಂದ ಕಳಚಿ, ಆ ಜಾಗಕ್ಕೆ ಮೊಬೈಲಿನಿಂದ ಬರುವ ಒಂದು ಪಿನ್ನನ್ನು ಸಿಕ್ಕಿಸಿ, ಪೆಟ್ಟಿಗೆಯ ವಾಲ್ಯೂಮ್ ಗುಂಡಿಯನ್ನು ಕಾಲು ಭಾಗ ತಿರುಗಿಸಿ, ತಮಟೆ ಡೊಳ್ಳುಗಳಿರುವ ಹಾಡೊಂದನ್ನು ಹಾಕಿರಿ. ಗುಮ್ಮೆನ್ನುವ ಸದ್ದು ಧಾರಾಳವಾಗಿ ಬಂದರೆ ಪೆಟ್ಟಿಗೆ ಸರಿಯಾಗಿದೆ, ದುರಸ್ತಿಯ ಮಾತೇ ಬೇಡ. ಕೆಲವು ಮೆಕ್ಯಾನಿಕ್‌ಗಳು ವೈರಿನ ತುದಿಯನ್ನು ಬೆರಳಿನಿಂದ ಮುಟ್ಟಿ ಗುಂಯ್‌ಗುಡುವಿಕೆ ಕೇಳಿಸಿಕೊಂಡು ಇದೇ ತೀರ್ಮಾನಕ್ಕೆ ಬರುತ್ತಾರೆ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಆ ಸಾಹಸ ಬೇಡವೆಂಬುದು ನಮ್ಮ ಸಲಹೆ.

ಈ ಪರೀಕ್ಷೆಗೆ ಮುನ್ನ ಪೆಟ್ಟಿಗೆಯ ಹಿಂದೆ ಕರೆಂಟಿನ ವೈರು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಕರೆಂಟ್ ವೈರಿಲ್ಲದ ಸಬ್‌ವೂಫರ್‌ಗಳೂ ಇವೆ. ಅವುಗಳೊಳಗೆ ಆಂಪ್ಲಿಫೈಯರ್ ಇರುವುದಿಲ್ಲ, ಒಂದೇ ಪೊಟ್ಟಣದಲ್ಲಿ ಬರುವ ಅಗ್ಗದ ಸೆಟ್‌ಗಳ ಜೊತೆಗೆ ಬಂದಂಥವು. ಹಳೆಯ ಸೆಟ್ಟಿನ ಇಂಥ ಪೆಟ್ಟಿಗೆಯನ್ನು ಹೊಸ ರಿಸೀವರಿನ 'ಸಬ್‌ವೂಫರ್ ಔಟ್' ಕಿಂಡಿಗೆ ಜೋಡಿಸಿದರೆ ಸದ್ದೇ ಬಾರದು, ಏಕೆಂದರೆ ಆ ಕಿಂಡಿಯಿಂದ ಹೊರಡುವುದು ಸಂಕೇತವೇ ಹೊರತು ಸ್ಪೀಕರನ್ನು ನಡೆಸುವಷ್ಟು ಶಕ್ತಿಯಲ್ಲ. ನಡುವೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕು.

ಇನ್ನೊಂದು ಚಿಕ್ಕ ತೊಡಕು 'ಆಟೋ' ಎಂಬ ಸ್ವಿಚ್ಚಿನದು. ಸಂಕೇತ ಬಂದಾಗ ಮಾತ್ರ ಎಚ್ಚರಗೊಳ್ಳುವ ವ್ಯವಸ್ಥೆ ಇದು. ರಾತ್ರಿ ಸಣ್ಣ ಧ್ವನಿಯಲ್ಲಿ ಸಿನಿಮಾ ನೋಡುವವರಿಗೆ ಸಂಕೇತ ಸಾಕಾಗದೆ ಪೆಟ್ಟಿಗೆ ಮಲಗಿಯೇ ಇರುತ್ತದೆ. ಸ್ವಿಚ್ಚನ್ನು 'ಆನ್' ಕಡೆಗೆ ತಳ್ಳಿದರೆ ಮುಗಿಯಿತು.

'ಲಾರ್ಜ್' ಎಂಬ ಮೋಹ

ಪೆಟ್ಟಿಗೆ ನಿರ್ದೋಷಿಯೆಂದು ಸಾಬೀತಾದ ಮೇಲೆ ರಿಸೀವರಿನ ಕಡೆಗೆ ತಿರುಗೋಣ. ಇಲ್ಲಿ ಅತಿ ಹೆಚ್ಚು ಜನರನ್ನು ಅಡ್ಡದಾರಿಗೆಳೆಯುವ ಪದವೊಂದಿದೆ, ಅದೇ 'ಲಾರ್ಜ್'. ಸ್ಪೀಕರ್ ಹೊಂದಾಣಿಕೆಯ ಪುಟದಲ್ಲಿ ಪ್ರತಿಯೊಂದು ಸ್ಪೀಕರಿನ ಮುಂದೆ 'ಲಾರ್ಜ್' ಅಥವಾ 'ಸ್ಮಾಲ್' ಎಂದು ಆರಿಸಬೇಕಾಗುತ್ತದೆ. ಹಣ ಕೊಟ್ಟು ತಂದ ಸ್ಪೀಕರನ್ನು ಚಿಕ್ಕದು ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಈ ಪದಗಳಿಗೂ ಸ್ಪೀಕರಿನ ಗಾತ್ರಕ್ಕೂ ನೇರ ಸಂಬಂಧವಿಲ್ಲ. 'ಲಾರ್ಜ್' ಎಂದರೆ ಮಂದ್ರಧ್ವನಿಯನ್ನೂ ಈ ಸ್ಪೀಕರಿಗೇ ಕಳುಹಿಸು ಎಂಬ ಆಜ್ಞೆ. 'ಸ್ಮಾಲ್' ಎಂದರೆ ಒಂದು ಗಡಿಯಿಂದ ಕೆಳಗಿನದನ್ನು ಸಬ್‌ವೂಫರಿಗೆ ಕಳುಹಿಸು ಎಂಬ ಆಜ್ಞೆ.

ಇದರ ಪರಿಣಾಮ ತಿಳಿಯಬೇಕಾದರೆ ಸಿನಿಮಾ ಧ್ವನಿಯ ರಚನೆಯನ್ನು ಸ್ವಲ್ಪ ನೋಡಬೇಕು. 5.1 ಎಂಬುದರಲ್ಲಿ ಐದು ಎಂದರೆ ಐದು ಪೂರ್ಣ ವಾಹಿನಿಗಳು. ಬಿಂದುವಿನ ಬಳಿಯ ಒಂದು ಎಂದರೆ ಎಲ್‌ಎಫ್‌ಇ ಎಂಬ ಪ್ರತ್ಯೇಕ ವಾಹಿನಿ, 120 ಹರ್ಟ್ಜ್‌ನಿಂದ ಕೆಳಗಿನ ಸ್ಫೋಟ, ಭೂಕಂಪ, ಗುಡುಗುಗಳಿಗಾಗಿ ಮೀಸಲಾದದ್ದು. 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್, 1993ರಲ್ಲಿ 'ಜುರಾಸಿಕ್ ಪಾರ್ಕ್' ಚಿತ್ರದೊಂದಿಗೆ ಡಿಟಿಎಸ್ ಚಿತ್ರಮಂದಿರಗಳಿಗೆ ಬಂದಾಗ ಈ ಏರ್ಪಾಡು ಜನಜನಿತವಾಯಿತು. ಆದರೆ ಹಾಡುಗಳಲ್ಲಿ, ಚಂದನ ವಾಹಿನಿಯ ಕಾರ್ಯಕ್ರಮದಲ್ಲಿ, ಕೇಬಲ್ ಮೂಲಕ ಬರುವ ಎರಡು ವಾಹಿನಿಗಳ ಸ್ಟೀರಿಯೋ ಧ್ವನಿಯಲ್ಲಿ ಈ ಮೀಸಲು ವಾಹಿನಿಯೇ ಇರುವುದಿಲ್ಲ. ಡೊಳ್ಳಿನ ಸದ್ದು ಎಡಬಲ ವಾಹಿನಿಗಳಲ್ಲಿಯೇ ಬೆರೆತಿರುತ್ತದೆ.

ಈಗ ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' ಎಂದು ಆರಿಸಿದ್ದೀರಿ ಎಂದುಕೊಳ್ಳಿ. ರಿಸೀವರು ಆಜ್ಞೆಯಂತೆ ಡೊಳ್ಳಿನ ಸದ್ದನ್ನೆಲ್ಲ ಆ ಪುಟ್ಟ ಸ್ಪೀಕರಿಗೇ ಕಳುಹಿಸುತ್ತದೆ. ಅದಕ್ಕೆ ಆ ಶಕ್ತಿಯಿಲ್ಲ. ಸಬ್‌ವೂಫರಿಗೆ ಆ ಶಕ್ತಿಯಿದೆ, ಆದರೆ ಅದಕ್ಕೆ ಏನೂ ಬರುವುದಿಲ್ಲ. ಡೊಳ್ಳು ದಾರಿಯಲ್ಲಿಯೇ ಕಳೆದುಹೋಯಿತು! ಸಿನಿಮಾದ ಸ್ಫೋಟ ಮಾತ್ರ ಗುಡುಗುತ್ತದೆ, ಹಾಡು ಹಾಕಿದರೆ ಪೆಟ್ಟಿಗೆ ಸತ್ತಂತಿರುತ್ತದೆ ಎಂಬ ದೂರು ಬಂದರೆ ಕಾರಣ ಇದೇ ಎಂದು ಧೈರ್ಯವಾಗಿ ಹೇಳಬಹುದು. ಎಲ್ಲ ಸ್ಪೀಕರ್‌ಗಳನ್ನೂ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ ಎಂಬ ಗಡಿಯನ್ನು 80 ಹರ್ಟ್ಜ್‌ಗೆ ಇಡಿ. ಗೋಡೆಗೆ ಅಂಟಿಸಿದ ತೀರ ಪುಟ್ಟ ಸ್ಪೀಕರ್‌ಗಳಾದರೆ 120 ಅಥವಾ 150. ಸಬ್‌ವೂಫರ್ 'ಯೆಸ್' ಎಂದಿದೆಯೇ ಎಂಬುದನ್ನೂ ಅಲ್ಲಿಯೇ ನೋಡಿ.

ಹಾಡು ಕೇಳುವವರು ರಿಮೋಟಿನ 'ಡೈರೆಕ್ಟ್' ಅಥವಾ 'ಪ್ಯೂರ್ ಡೈರೆಕ್ಟ್' ಗುಂಡಿಯನ್ನು ಒತ್ತಿದ್ದರೂ ಇದೇ ಫಲ. ಶುದ್ಧ ಧ್ವನಿಯೆಂಬ ಹೆಸರು ಆಕರ್ಷಕವಾದರೂ ಅನೇಕ ರಿಸೀವರ್‌ಗಳಲ್ಲಿ ಈ ಗುಂಡಿ ಸಬ್‌ವೂಫರಿನ ದಾರಿಯನ್ನೇ ಮುಚ್ಚುತ್ತದೆ. 'ಸ್ಟೀರಿಯೋ' ಎಂಬ ಆಯ್ಕೆಗೆ ಹಿಂದಿರುಗಿದರೆ ಸಾಕು.

ಇದಕ್ಕೆ ತದ್ವಿರುದ್ಧವಾದ ದೂರೂ ಉಂಟು: ಹಾಡಿನಲ್ಲಿ ಗುಡುಗು ಇದೆ, ಸಿನಿಮಾದಲ್ಲಿ ಇಲ್ಲ. ಆಗ ಸಂಶಯಿಸಬೇಕಾದದ್ದು ಟಿ.ವಿ. ಅಥವಾ ಸೆಟ್‌ಟಾಪ್ ಬಾಕ್ಸನ್ನು. ಅವುಗಳ ಧ್ವನಿ ಆಯ್ಕೆಯಲ್ಲಿ 'ಪಿಸಿಎಂ' ಅಥವಾ 'ಸ್ಟೀರಿಯೋ' ಎಂದಿದ್ದರೆ, ಆರು ವಾಹಿನಿಗಳ ಧ್ವನಿಯನ್ನು ಅವೇ ಎರಡಕ್ಕೆ ಇಳಿಸಿ ರಿಸೀವರಿಗೆ ಕೊಡುತ್ತವೆ. ಹಾಗೆ ಇಳಿಸುವಾಗ ಎಲ್‌ಎಫ್‌ಇ ವಾಹಿನಿಯನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ. 2022ರ 'ಕೆ.ಜಿ.ಎಫ್: ಚಾಪ್ಟರ್ 2' ಚಿತ್ರದಲ್ಲಿ ಪೊಲೀಸ್ ಠಾಣೆಯ ಮೇಲೆ ದೊಡ್ಡಮ್ಮ ಎಂಬ ಬಂದೂಕಿನಿಂದ ಗುಂಡು ಸುರಿಸುವ ದೃಶ್ಯ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಕೂಡ ನೆಲ ಕದಲದಿದ್ದರೆ ಟಿ.ವಿ.ಯ ಧ್ವನಿ ಆಯ್ಕೆಯನ್ನು 'ಬಿಟ್‌ಸ್ಟ್ರೀಮ್' ಅಥವಾ 'ಪಾಸ್ ಥ್ರೂ' ಮಾಡಿ, ರಿಸೀವರಿನ ಮುಖದ ಮೇಲೆ ಡಾಲ್ಬಿ ಅಥವಾ ಡಿಟಿಎಸ್ ಎಂಬ ಅಕ್ಷರಗಳು ಮೂಡುತ್ತವೆಯೇ ನೋಡಿ. ರಾತ್ರಿಗೆಂದು ಒತ್ತಿದ 'ನೈಟ್ ಮೋಡ್' ಹಾಗೆಯೇ ಉಳಿದುಬಿಟ್ಟಿದ್ದರೂ ದೊಡ್ಡ ಸದ್ದುಗಳೆಲ್ಲ ತಗ್ಗುತ್ತವೆ.

ಹಳೆಯ ಚಿತ್ರಗಳ ಬಗ್ಗೆ ಒಂದು ಮಾತು. 1960 ಮತ್ತು 70ರ ದಶಕದ ಕನ್ನಡ ಚಿತ್ರಗಳ ಧ್ವನಿಯನ್ನು ಫಿಲ್ಮಿನ ಅಂಚಿನಲ್ಲಿ ಒಂದೇ ವಾಹಿನಿಯಾಗಿ ಅಚ್ಚೊತ್ತಲಾಗುತ್ತಿತ್ತು. ಆ ಪದ್ಧತಿಯಲ್ಲಿ ತೀರ ಕೆಳಗಿನ ಧ್ವನಿಗಳಿಗೆ ಅವಕಾಶ ಕಡಿಮೆ. ರಾಜಕುಮಾರ್ ಅವರ ಹಳೆಯ ಹಾಡು ಹಾಕಿ ಸಬ್‌ವೂಫರ್ ನಡುಗಲಿಲ್ಲವೆಂದು ಕೊರಗುವುದು ನ್ಯಾಯವಲ್ಲ.

ಪೆಟ್ಟಿಗೆಯ ಹಿಂದಿನ ಗುಂಡಿಗಳು

ಸಬ್‌ವೂಫರಿನ ಹಿಂಬದಿಯಲ್ಲಿಯೂ ಒಂದು ಕ್ರಾಸ್‌ಓವರ್ ಗುಂಡಿ ಇರುತ್ತದೆ. ರಿಸೀವರು ಈಗಾಗಲೇ ಸೋಸಿ ಕಳುಹಿಸಿದ ಧ್ವನಿಯನ್ನು ಇದು ಮತ್ತೊಮ್ಮೆ ಸೋಸುತ್ತದೆ. ರಿಸೀವರಿನಲ್ಲಿ 80, ಪೆಟ್ಟಿಗೆಯಲ್ಲಿ 50 ಎಂದಿದ್ದರೆ ನಡುವಿನ 50ರಿಂದ 80ರವರೆಗಿನ ಧ್ವನಿ ಯಾರ ಪಾಲಿಗೂ ಇಲ್ಲದೆ ಹೋಗುತ್ತದೆ.  ರಿಸೀವರಿನೊಂದಿಗೆ ಬಳಸುವಾಗ ಈ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿಡಬೇಕು. 'ಎಲ್‌ಎಫ್‌ಇ' ಎಂದು ಬರೆದ ಪ್ರತ್ಯೇಕ ಕಿಂಡಿಯಿದ್ದರೆ ವೈರನ್ನು ಅದಕ್ಕೇ ಸಿಕ್ಕಿಸುವುದು ಉತ್ತಮ.

ಪಕ್ಕದಲ್ಲಿ 0 ಮತ್ತು 180 ಎಂಬ 'ಫೇಸ್' ಸ್ವಿಚ್ ಇದೆ. ಇದೇನು? ಗಡಿಯಾದ 80 ಹರ್ಟ್ಜ್ ಬಳಿ ಮುಂದಿನ ಸ್ಪೀಕರ್ ಮತ್ತು ಸಬ್‌ವೂಫರ್ ಎರಡೂ ಸದ್ದು ಮಾಡುತ್ತವೆ. ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆಳೆದರೆ ಎರಡರ ಶ್ರಮವೂ ವ್ಯರ್ಥ, ಬಂಡಿಯ ಎರಡು ಎತ್ತುಗಳು ಎದುರುಬದುರಾಗಿ ಎಳೆದಂತೆ. ನೀವು ಎಂದಿನ ಜಾಗದಲ್ಲಿ ಕುಳಿತುಕೊಳ್ಳಿ, ಹಾಡು ನಡೆಯುತ್ತಿರಲಿ, ಮನೆಯವರೊಬ್ಬರು ಸ್ವಿಚ್ಚನ್ನು ಆಚೀಚೆ ಮಾಡಲಿ. ಯಾವ ಕಡೆ ಸದ್ದು ತುಂಬಿಕೊಳ್ಳುತ್ತದೋ ಅದೇ ಸರಿ. ಯಾವ ಅಂಕಿ ಸರಿಯೆಂದು ಪುಸ್ತಕ ನೋಡುವ ಅಗತ್ಯವಿಲ್ಲ. ಮುಂದಿನ ಸ್ಪೀಕರ್‌ಗಳಲ್ಲೊಂದರ ಕೆಂಪು ಕಪ್ಪು ವೈರುಗಳು ಅದಲುಬದಲಾಗಿದ್ದರೂ ಇಂಥದೇ ನಷ್ಟವಾಗುವುದರಿಂದ ಅದನ್ನೂ ಪರಿಶೀಲಿಸಿಬಿಡಿ.

ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕಿಡಿ. ಉಳಿದ ಹೊಂದಾಣಿಕೆಯನ್ನು ರಿಸೀವರಿನ 'ಲೆವೆಲ್' ಪುಟದಲ್ಲಿ ಮಾಡಬಹುದು.

ಕೋಣೆಯೂ ಒಂದು ವಾದ್ಯ

ಇಷ್ಟೆಲ್ಲ ಮಾಡಿದ ಮೇಲೂ ಸದ್ದು ಕುಗ್ಗಿಯೇ ಇದ್ದರೆ, ಹಾಡು ನಡೆಯುತ್ತಿರುವಂತೆಯೇ ಎದ್ದು ಕೋಣೆಯ ಮೂಲೆಗೆ ಹೋಗಿ ನಿಂತು ನೋಡಿ. ಅಲ್ಲಿ ಗುಡುಗುತ್ತಿದೆ, ಕುರ್ಚಿಗೆ ಮರಳಿದರೆ ಮಾಯ! ಇದು ಭ್ರಮೆಯಲ್ಲ, ಭೌತಶಾಸ್ತ್ರ.

ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅದನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. 1,000 ಹರ್ಟ್ಜ್‌ನ ಅಲೆ ಒಂದು ಅಡಿಗಿಂತ ತುಸು ಹೆಚ್ಚು ಉದ್ದ. 40 ಹರ್ಟ್ಜ್‌ನ ಅಲೆಯಾದರೋ 8.6 ಮೀಟರ್, ಅಂದರೆ 28 ಅಡಿ. ನಮ್ಮ ಪಡಸಾಲೆಗಳ ಉದ್ದವೇ ಸಾಮಾನ್ಯವಾಗಿ ಹದಿನಾಲ್ಕು ಅಡಿ! ಅಲೆಯ ಅರ್ಧ ಮಾತ್ರ ಹಿಡಿಸುವ ಕೋಣೆಯಲ್ಲಿ ಅದು ಗೋಡೆಗೆ ಬಡಿದು ಹಿಂದಿರುಗಿ, ಬರುತ್ತಿರುವ ಅಲೆಯೊಡನೆ ಸೇರಿ, ನಿಂತ ನೀರಿನಂತೆ ನಿಂತುಬಿಡುತ್ತದೆ. ಗೋಡೆಗಳ ಬಳಿ ಸದ್ದು ಇಮ್ಮಡಿ, ಕೋಣೆಯ ನಟ್ಟನಡುವೆ ಶೂನ್ಯ. ಹದಿನಾಲ್ಕು ಅಡಿ ಉದ್ದದ ಕೋಣೆಯಲ್ಲಿ ಸರಿಯಾಗಿ ಏಳು ಅಡಿಗೆ ಕುರ್ಚಿ ಹಾಕಿದವರಿಗೆ 40 ಹರ್ಟ್ಜ್ ಆಸುಪಾಸಿನ ಗುಡುಗು ಕೇಳುವುದೇ ಇಲ್ಲ. ಅವರು ಎಷ್ಟು ದೊಡ್ಡ ಸಬ್‌ವೂಫರ್ ತಂದರೂ ಅಷ್ಟೇ.

ಹಂಪಿಯ ವಿಠ್ಠಲ ದೇವಾಲಯದ ಕಂಬಗಳನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಪ್ರತಿ ಕಲ್ಲುಕಂಬಕ್ಕೂ ಅದರ ಉದ್ದ, ದಪ್ಪಗಳಿಗೆ ತಕ್ಕ ಸ್ವಂತ ಸ್ವರವಿರುವಂತೆ, ಕೋಣೆಯೊಳಗಿನ ಗಾಳಿಗೂ ಅದರ ಉದ್ದ, ಅಗಲ, ಎತ್ತರಗಳಿಗೆ ತಕ್ಕ ಸ್ವಂತ ಸ್ವರಗಳಿವೆ. ಉದ್ದವೂ ಅಗಲವೂ ಹನ್ನೆರಡು ಅಡಿಯಿರುವ ಚೌಕದ ಕೋಣೆಯಲ್ಲಿ ಎರಡೂ ಸ್ವರಗಳು 47 ಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬೀಳುವುದರಿಂದ ತೊಂದರೆ ಇನ್ನೂ ಹೆಚ್ಚು. ವಾಸ್ತುವಿನವರು ಚೌಕವನ್ನು ಮೆಚ್ಚಬಹುದು, ಸಬ್‌ವೂಫರ್ ಮೆಚ್ಚುವುದಿಲ್ಲ.

ನಮ್ಮ ಭಾಗದ ಮನೆಗಳಿಗೆ ಇನ್ನೊಂದು ವಿಶೇಷವಿದೆ. ರಿಸೀವರಿನ ಜೊತೆ ಬರುವ ಕೈಪಿಡಿಗಳು ಬಹುತೇಕ ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದಂಥವು. ಅಲ್ಲಿ ಮರದ ಚೌಕಟ್ಟಿಗೆ ತೆಳ್ಳನೆಯ ಹಲಗೆ ಬಡಿದ ಗೋಡೆಗಳು. ಮಂದ್ರಧ್ವನಿಯ ಒಂದಷ್ಟು ಪಾಲನ್ನು ಅವು ನುಂಗುತ್ತವೆ, ಒಂದಷ್ಟನ್ನು ಹೊರಕ್ಕೆ ಬಿಡುತ್ತವೆ. ಬಂಡ್ರಿ, ಸಂಡೂರು ಕಡೆಯ ಹಳೆಯ ಮನೆಗಳು ಕಲ್ಲಿನವು, ಹೊಸವು ಇಟ್ಟಿಗೆ ಗೋಡೆ, ಕಾಂಕ್ರೀಟ್ ಛಾವಣಿಯವು. ಇವು ಮಂದ್ರಧ್ವನಿಯನ್ನು ಹೆಚ್ಚೂಕಡಿಮೆ ಪೂರ್ತಿಯಾಗಿ ಹಿಂದಿರುಗಿಸುತ್ತವೆ. ಆದ್ದರಿಂದ ನಮ್ಮ ಕೋಣೆಗಳಲ್ಲಿ ಮೂಲೆಯ ಅಬ್ಬರವೂ ತೀವ್ರ, ನಡುವಿನ ಶೂನ್ಯವೂ ತೀವ್ರ. ಕಿಟಕಿಗೆ ಪರದೆ, ನೆಲಕ್ಕೆ ಜಮಖಾನೆ ಹಾಕಿದರೆ ಮಾತು ಸ್ಪಷ್ಟವಾಗುವುದು ನಿಜ, ಆದರೆ 28 ಅಡಿಯ ಅಲೆಗೆ ಒಂದು ಅಂಗುಲದ ಜಮಖಾನೆ ಯಾವ ಲೆಕ್ಕ?

ಪರಿಹಾರ ಜಾಗ ಬದಲಾವಣೆಯಲ್ಲಿದೆ. ಮೊದಲು ಕುರ್ಚಿಯನ್ನು ನಡುವಿನಿಂದ ಎರಡು ಅಡಿ ಹಿಂದಕ್ಕೋ ಮುಂದಕ್ಕೋ ಸರಿಸಿ ನೋಡಿ. ಅದು ಸಾಧ್ಯವಿಲ್ಲದಿದ್ದರೆ ಪೆಟ್ಟಿಗೆಯನ್ನು ಸರಿಸಬೇಕು, ಎಲ್ಲಿಗೆ ಎಂಬುದಕ್ಕೆ ಬಲ್ಲವರು ಹೇಳುವ ಒಂದು ಉಪಾಯ ತಮಾಷೆಯಾಗಿದೆಯಾದರೂ ಪಕ್ಕಾ ಕೆಲಸ ಮಾಡುತ್ತದೆ. ಪೆಟ್ಟಿಗೆಯನ್ನು ನೀವು ಕೂರುವ ಕುರ್ಚಿಯ ಮೇಲೆಯೇ ಇಡಿ. ಮಂದ್ರಧ್ವನಿ ಹೆಚ್ಚಿರುವ ಹಾಡನ್ನು ಹಾಕಿ, ಗೋಡೆಯ ಬದಿಯಲ್ಲಿ ಅಂಬೆಗಾಲಿಡುತ್ತ, ಕಿವಿಯನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿಟ್ಟುಕೊಂಡು ಕೋಣೆಯನ್ನು ಸುತ್ತಿ. ಯಾವ ಜಾಗದಲ್ಲಿ ಸದ್ದು ತುಂಬಿ, ಸಮನಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆಯನ್ನಿಡಿ. ಧ್ವನಿ ಆ ಜಾಗದಿಂದ ಕುರ್ಚಿಗೆ ಬರುವ ಬಗೆಯೂ ಕುರ್ಚಿಯಿಂದ ಆ ಜಾಗಕ್ಕೆ ಹೋಗುವ ಬಗೆಯೂ ಒಂದೇ ಆಗಿರುವುದರಿಂದ ಈ ಅದಲುಬದಲು ನ್ಯಾಯವಾದದ್ದೇ. ಮನೆಮಂದಿ ನಕ್ಕರೆ ನಗಲಿ.

ಮೂಲೆಯಲ್ಲಿಟ್ಟರೆ ಸದ್ದು ಹೆಚ್ಚುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಅಲ್ಲಿ ಒಂದೇ ಸ್ವರ ಗುಂಯ್‌ಗುಟ್ಟಿ ಉಳಿದವನ್ನು ಮುಚ್ಚುವುದೂ ಉಂಟು. ಹಾಗೆಯೇ ಪೆಟ್ಟಿಗೆಯನ್ನು ಗೋಡೆಯಿಂದ ನಾಲ್ಕು ಅಡಿ ದೂರ ಎಳೆದಿಡುವುದೂ ಬೇಡ. ಹಿಂದಿನ ಗೋಡೆಗೆ ಹೋಗಿ ಬರುವ ಅಲೆ ಆಗ 70 ಹರ್ಟ್ಜ್ ಬಳಿ ಮೂಲ ಅಲೆಯನ್ನೇ ಅಳಿಸಿಹಾಕುತ್ತದೆ. ಗೋಡೆಗೆ ಹತ್ತಿರ, ಮೂಲೆಗೆ ತೀರ ಒತ್ತಿಕೊಳ್ಳದಂತೆ ಎಂಬುದು ಆರಂಭಕ್ಕೆ ಒಳ್ಳೆಯ ಜಾಗ.

ಜಾಗ ನಿಶ್ಚಯವಾದ ಮೇಲೆ, ರಿಸೀವರಿನೊಂದಿಗೆ ಪುಟ್ಟ ಮೈಕ್ ಬಂದಿದ್ದರೆ ಅದನ್ನು ಬಳಸಿ. ಕಂಪೆನಿಗೊಂದರಂತೆ ಆಡಿಸಿ, ವೈಪಾವೊ, ಎಂಸಿಎಸಿಸಿ ಎಂಬ ಹೆಸರುಗಳಿದ್ದರೂ ಕೆಲಸ ಒಂದೇ: ಪ್ರತಿ ಸ್ಪೀಕರಿನಿಂದ ಸದ್ದು ಹೊರಡಿಸಿ, ಮೈಕಿನಲ್ಲಿ ಆಲಿಸಿ, ದೂರ ಮತ್ತು ಮಟ್ಟವನ್ನು ಹೊಂದಿಸುವುದು. ಮೈಕನ್ನು ಕೈಯಲ್ಲಿ ಹಿಡಿಯದೆ, ಕುಳಿತಾಗ ಕಿವಿಯಿರುವ ಎತ್ತರದಲ್ಲಿ ಸ್ಟ್ಯಾಂಡಿಗೆ ಕಟ್ಟಿಡಿ. ಬೇಸಿಗೆಯಲ್ಲಾದರೂ ಸರಿ, ಆ ಹತ್ತು ನಿಮಿಷ ಫ್ಯಾನು, ಕೂಲರ್ ಬಂದ್ ಆಗಿರಬೇಕು. ಫ್ಯಾನಿನ ಗಾಳಿ ಮೈಕಿಗೆ ಬಡಿದರೆ ರಿಸೀವರು ಅದನ್ನೇ ಮಂದ್ರಧ್ವನಿಯೆಂದು ತಿಳಿದು ಸಬ್‌ವೂಫರನ್ನು ತಗ್ಗಿಸಿಬಿಟ್ಟೀತು. ಮುಗಿದ ಮೇಲೆ 'ಲೆವೆಲ್' ಪುಟ ನೋಡಿ. ಸಬ್‌ವೂಫರಿನ ಮುಂದೆ ಮೈನಸ್ 12ರಂತಹ ಅಂಚಿನ ಅಂಕಿ ಇದ್ದರೆ ಪೆಟ್ಟಿಗೆಯ ಗುಂಡಿ ಅತಿಯಾಗಿದೆಯೆಂದು ಅರ್ಥ, ಅದನ್ನು ತಗ್ಗಿಸಿ ಮತ್ತೊಮ್ಮೆ ಮಾಡಬೇಕು. ಮುಂದಿನ ಸ್ಪೀಕರ್‌ಗಳನ್ನು ಅದು 'ಲಾರ್ಜ್' ಎಂದು ತೀರ್ಮಾನಿಸಿದ್ದರೆ ಸಂಕೋಚವಿಲ್ಲದೆ 'ಸ್ಮಾಲ್' ಮಾಡಿ.

ಕಿವಿ, ಕರೆಂಟು ಮತ್ತು ವ್ಯಾಟು

ಹಗಲು ಚೆನ್ನಾಗಿತ್ತು, ರಾತ್ರಿ ಧ್ವನಿ ತಗ್ಗಿಸಿದಾಗ ಮಂದ್ರ ಮಾತ್ರ ಮಾಯವಾಯಿತು ಎನ್ನುವವರೂ ಇದ್ದಾರೆ. ಇದು ಯಂತ್ರದ ದೋಷವಲ್ಲ, ಕಿವಿಯ ಸ್ವಭಾವ. ಸದ್ದು ತಗ್ಗಿದಂತೆಲ್ಲ ನಮ್ಮ ಕಿವಿ ಕೆಳಗಿನ ಸ್ವರಗಳಿಗೆ ಹೆಚ್ಚು ಕಿವುಡಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. 'ಲೌಡ್‌ನೆಸ್' ಅಥವಾ 'ಡೈನಮಿಕ್ ಈಕ್ಯೂ' ಎಂಬ ಆಯ್ಕೆ ಇರುವುದು ಇದಕ್ಕಾಗಿಯೇ.

ಸಂಜೆಯ ಹೊತ್ತು ವೋಲ್ಟೇಜ್ ಕುಸಿದಾಗ ಜೆಸ್ಕಾಂ ಮೇಲೆ ತಪ್ಪು ಹೊರಿಸುವುದು ವಾಡಿಕೆ. ಲೆಕ್ಕ ಹಾಕಿ ನೋಡಿದರೆ ಆ ಆರೋಪ ಅಷ್ಟು ಗಟ್ಟಿಯಲ್ಲ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಬಗೆಯ ಆಂಪ್ಲಿಫೈಯರಿನಲ್ಲಿ 230 ವೋಲ್ಟ್ 180ಕ್ಕಿಳಿದರೆ ಗರಿಷ್ಠ ಶಕ್ತಿ ಸುಮಾರು ಶೇ. 61ಕ್ಕೆ ಇಳಿಯುತ್ತದೆ. ಕೇಳಲು ಭಯಂಕರವೆನಿಸಿದರೂ ಕಿವಿಯ ಲೆಕ್ಕದಲ್ಲಿ ಅದು ಎರಡು ಡೆಸಿಬೆಲ್ ಮಾತ್ರ. ಶಕ್ತಿ ಇಮ್ಮಡಿಯಾದರೆ ಮೂರು ಡೆಸಿಬೆಲ್ ಹೆಚ್ಚುತ್ತದೆ. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಲು ಸುಮಾರು ಹತ್ತು ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಕೆಳಮಟ್ಟದ ವೋಲ್ಟೇಜಿನಲ್ಲಿ ದೊಡ್ಡ ಸದ್ದು ಒಡೆಯುವುದು ನಿಜ, ಪೆಟ್ಟಿಗೆ ಪೂರ್ತಿ ಮೌನವಾಗುವುದಕ್ಕೆ ಮಾತ್ರ ಅದು ಕಾರಣವಲ್ಲ.

ಇದೇ ಲೆಕ್ಕ 100 ವ್ಯಾಟಿನ ಬದಲು 200 ವ್ಯಾಟಿನದನ್ನು ತರುವವರಿಗೂ ಅನ್ವಯಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸಿ ಜೋಡಿಸಿದ ಸೆಟ್‌ಗಳ ಮೇಲೂ, ಕೆಲವು ಅಗ್ಗದ ಕಂಪೆನಿ ಸೆಟ್‌ಗಳ ಮೇಲೂ ಸಾವಿರಾರು ವ್ಯಾಟ್ ಪಿಎಂಪಿಒ ಎಂದು ಬರೆದಿರುವುದನ್ನು ಓದುಗರು ಕಂಡಿರಬಹುದು. ಆ ಅಂಕಿಯನ್ನು ಅಳೆಯಲು ಒಪ್ಪಿತ ಮಾನದಂಡವೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ಎಂಬ ಅಂಕಿಯನ್ನು. ಅದೂ ಇಲ್ಲದಿದ್ದರೆ ಹಿಂಬದಿಯ ಫಲಕದಲ್ಲಿ ಬರೆದ ವಿದ್ಯುತ್ ಬಳಕೆಯನ್ನು ನೋಡಿ. ಗೋಡೆಯಿಂದ 60 ವ್ಯಾಟ್ ಎಳೆಯುವ ಯಂತ್ರ ಅದಕ್ಕಿಂತ ಹೆಚ್ಚಿನದನ್ನು ನಿರಂತರವಾಗಿ ಸ್ಪೀಕರಿಗೆ ಕೊಡಲಾರದು.

ಸದ್ದು ಮರಳಿದ ಮೇಲೆ ನೆರೆಮನೆಯನ್ನೂ ನೆನೆಯಬೇಕಾಗುತ್ತದೆ. ಕೇಂದ್ರ ಸರ್ಕಾರದ ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿಯಿದೆ. ಈ ಅಳತೆಯ ವಿಧಾನ ಕಿವಿಯನ್ನು ಅನುಸರಿಸಿ ಮಂದ್ರಧ್ವನಿಗೆ ಕಡಿಮೆ ತೂಕ ಕೊಡುತ್ತದೆ. ಗೋಡೆಯನ್ನು ಸುಲಭವಾಗಿ ದಾಟುವುದೋ ಅದೇ ಮಂದ್ರಧ್ವನಿ. ಹೀಗಾಗಿ ಮೊಬೈಲಿನ ಮೀಟರು ಸರಿಯಾಗಿದೆ ಎನ್ನುತ್ತಿರುವಾಗಲೂ ಪಕ್ಕದ ಮನೆಯ ಅಜ್ಜಿಗೆ ನಿದ್ದೆ ಬಾರದಿರಬಹುದು. ಗೋಡೆ ಹಂಚಿಕೊಂಡ ಮನೆಗಳಲ್ಲಿ ಪೆಟ್ಟಿಗೆಯನ್ನು ಆ ಗೋಡೆಯಿಂದ ದೂರವಿಡುವುದು ಲೇಸು.

ನಿಜವಾಗಿಯೂ ಕೆಟ್ಟಿದ್ದರೆ

ಮೊಬೈಲ್ ಪರೀಕ್ಷೆಯಲ್ಲಿಯೇ ಪೆಟ್ಟಿಗೆ ಸೋತಿತು ಎನ್ನಿ. ವೈರು ಬದಲಿಸಿ ನೋಡಿ. ಕೆಂಧೂಳಿನ ಈ ನಾಡಿನಲ್ಲಿ ಪಿನ್‌ಗಳ ಮೇಲೆ ಧೂಳು ಕೂತು ಸಂಪರ್ಕ ಸಡಿಲವಾಗುವುದು ಹೊಸದಲ್ಲ, ಒಣಬಟ್ಟೆಯಿಂದ ಒರೆಸಿ ಎರಡು ಸಲ ಹಾಕಿ ತೆಗೆದರೆ ಸರಿಹೋಗಬಹುದು. ಪೆಟ್ಟಿಗೆಯ ಗಾಳಿಗಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಇಲಿ ಸಂಸಾರ ಹೂಡಿದ್ದರೆ ವೈರು, ಕೋನ್ ಎರಡೂ ಹೋಗಿರುತ್ತವೆ. ಕೋನಿನ ಸುತ್ತಲಿನ ಸ್ಪಂಜಿನ ಅಂಚು ಹಲವು ಬೇಸಿಗೆ ಕಂಡ ಮೇಲೆ ಹುಡಿಹುಡಿಯಾಗುತ್ತದೆ, ಬೆರಳು ತಾಗಿಸಿದರೆ ಉದುರುತ್ತದೆ. ಅಂಚು ಮಾತ್ರ ಬದಲಿಸಬಹುದು, ಸ್ಪೀಕರ್ ಎಸೆಯಬೇಕಿಲ್ಲ.

ಆಂಪ್ಲಿಫೈಯರಿನ ಫಲಕವನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಅಂಗಡಿಗೆ ಒಯ್ದಾಗ ಕಾಯಿಲ್ ಹೋಗಿದೆಯೆಂದು ಹೇಳಿದರೆ ಎದುರಿನಲ್ಲಿಯೇ ಮೀಟರ್ ಹಿಡಿದು ತೋರಿಸಲು ಕೇಳುವುದರಲ್ಲಿ ತಪ್ಪಿಲ್ಲ. ವೈರು ಬಿಡಿಸಿದ ನಾಲ್ಕು ಓಮ್ ಸ್ಪೀಕರ್ ಮೂರೂ ಚಿಲ್ಲರೆ, ಎಂಟು ಓಮಿನದು ಆರರ ಆಸುಪಾಸು ತೋರಿಸಬೇಕು. ಏನೂ ತೋರದಿದ್ದರೆ ಮಾತ್ರ ಕಾಯಿಲ್ ಕಡಿದಿದೆಯೆಂದರ್ಥ. ಹೊಸ ಕಾಯಿಲ್ ಸುತ್ತಿಸಿಕೊಂಡ ಮೇಲೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿನ ಧನ ತುದಿಯನ್ನು ಸ್ಪೀಕರಿನ ಕೆಂಪು ತುದಿಗೂ ಋಣ ತುದಿಯನ್ನು ಕಪ್ಪಿಗೂ ಕ್ಷಣಮಾತ್ರ ತಾಗಿಸಿ ನೋಡಲು ಹೇಳಿ. ಕೋನ್ ಹೊರಕ್ಕೆ ಉಬ್ಬಬೇಕು. ಒಳಕ್ಕೆ ಸರಿದರೆ ತುದಿಗಳು ಅದಲುಬದಲಾಗಿವೆ, ಅಂಗಡಿಯಲ್ಲಿಯೇ ಬೆಸುಗೆ ಬದಲಿಸಿಕೊಂಡು ಬರಬೇಕು.